ಉಗ್ರಪ್ಪ ಹೆದರಲು ಕಲಿತದ್ದು

ಹೊನ್ನೆಮರದ ಪಾಳ್ಯದ ಉಗ್ರಪ್ಪನಿಗೆ ಕರೆಂಟ್ ಎಂದರೆ ಭಯವಿರಲಿಲ್ಲ. ಮಿಕ್ಕ ಭಯಗಳೆಲ್ಲ ಇದ್ದವು. ಹಲ್ಲಿ ಲೊಚಗುಟ್ಟಿದರೆ ಹೊಸ್ತಿಲು ದಾಟಿದ ಕಾಲನ್ನು ಒಳಕ್ಕೆ ಎಳೆದುಕೊಳ್ಳುತ್ತಿದ್ದ. ಸೂಜಿ ಹಿಡಿದ ಡಾಕ್ಟರು ಎದುರಿಗೆ ಬಂದರೆ ಜ್ವರ ಬಿಟ್ಟಿದೆಯೆಂದು ಹೇಳಿ ಎದ್ದು ಬರುತ್ತಿದ್ದ. ಹೆಂಡತಿ ಭೈರಮ್ಮ ಜಗಳವಾಡದೆ ಸುಮ್ಮನಿದ್ದ ದಿನ ಮನೆಯೊಳಕ್ಕೆ ಹೋಗಲು ಹಿಂದೆಮುಂದೆ ನೋಡುತ್ತಿದ್ದ. ಇಂಥವನಿಗೆ ಉಗ್ರಪ್ಪ ಎಂದು ಹೆಸರಿಟ್ಟ ಅಜ್ಜ ಯಾವ ಗುಣ ಕಂಡು ಇಟ್ಟನೋ, ದೇವರ ಹೆಸರಾದ್ದರಿಂದ ಯಾರೂ ಕೇಳಲು ಹೋಗಿರಲಿಲ್ಲ.

ಪಾಳ್ಯ ಇರುವುದು ತುರುವೇಕೆರೆಯಿಂದ ಸಂಪಿಗೆ ಕಡೆಗೆ ಹೋಗುವ ದಾರಿಯಲ್ಲಿ, ಬಸ್ಸಿಳಿದು ಒಂದಷ್ಟು ದೂರ ತೋಟಗಳೊಳಗೆ ನಡೆಯಬೇಕು. ಎಪ್ಪತ್ತರ ದಶಕದ ಮೊದಲಿಗೆ ಅಲ್ಲಿಗೆ ಕಂಬಗಳು ಬಂದವು. ಊರಿನಲ್ಲಿ ಮೊದಲು ಪಂಪ್‌ಸೆಟ್ ಹಾಕಿಸಿದವನು ಉಗ್ರಪ್ಪನೇ. ಏತ, ಕಪಿಲೆಗಳಲ್ಲಿ ನೀರೆತ್ತಿ ಸವೆದು ಹೋಗಿದ್ದ ಊರಿಗೆ ಗುಂಡಿ ಒತ್ತಿದರೆ ಬಾವಿಯ ನೀರು ತಾನಾಗಿ ಮೇಲಕ್ಕೆ ಬರುವುದು ನೋಡಲು ಚೆಂದವಾಗಿತ್ತು. ನೀರು ನೋಡಲು ಬಂದವರು ಉಗ್ರಪ್ಪನನ್ನೂ ನೋಡಿಕೊಂಡು ಹೋದರು.

ಆದರೆ ಆ ಗುಂಡಿಗೆ ಒಂದು ಶರತ್ತಿತ್ತು. ಕಂಬದಿಂದ ಬರುವ ಮೂರು ಲೈನಿನಲ್ಲೂ ಕರೆಂಟ್ ಇರಬೇಕು. ಒಂದರಲ್ಲಿ ಇಲ್ಲದಿದ್ದಾಗ ಗುಂಡಿ ಒತ್ತಿದರೆ ಮೋಟಾರು ಹೆರಿಗೆ ನೋವು ಬಂದ ಎಮ್ಮೆಯ ಹಾಗೆ ನರಳಿ ಸುಟ್ಟುಹೋಗುತ್ತಿತ್ತು. ಸುಟ್ಟ ಮೋಟಾರನ್ನು ಬಿಚ್ಚಿ, ಗಾಡಿಗೆ ಹೇರಿ, ತಿಪಟೂರಿಗೆ ಒಯ್ದು, ಅವರು ತಂತಿ ಸುತ್ತಿ ಕೊಡುವಷ್ಟರಲ್ಲಿ ತೋಟದ ತೆಂಗಿನ ಹರಳೆಲ್ಲ ಉದುರಿ ನೆಲ ಸೇರಿರುತ್ತಿತ್ತು. ಆದ್ದರಿಂದ ಗುಂಡಿ ಒತ್ತುವ ಮೊದಲು ಮೂರು ಲೈನನ್ನೂ ಪರೀಕ್ಷೆ ಮಾಡಬೇಕು. ಅದಕ್ಕೆ ಬಲ್ಬು ಬೇಕು, ಇಲ್ಲ ಟೆಸ್ಟರ್ ಬೇಕು. ಉಗ್ರಪ್ಪನಿಗೆ ಎರಡೂ ಬೇಕಾಗಿರಲಿಲ್ಲ. ಅವನು ನಡುಬೆರಳನ್ನು ಮಡಚಿ ಅದರ ಬೆನ್ನನ್ನು ಒಂದೊಂದು ಫ್ಯೂಸಿಗೂ ತಾಗಿಸಿ ನೋಡುತ್ತಿದ್ದ.

ಬೆರಳಿನ ಬೆನ್ನು ಯಾಕೆ ಎಂಬುದಕ್ಕೆ ಅವನಲ್ಲಿ ಕಾರಣವಿತ್ತು. ಒಳಗೈಯಲ್ಲಿ ಮುಟ್ಟಿದರೆ ಕೈ ಮುದುರಿ ಹಿಡಿದುಕೊಂಡುಬಿಡುತ್ತದೆ, ಬೆನ್ನಲ್ಲಿ ಮುಟ್ಟಿದರೆ ಅದೇ ಮುದುರು ಕೈಯನ್ನು ಈಚೆಗೆ ಎಳೆಯುತ್ತದೆ. ಈ ಶಾಸ್ತ್ರವನ್ನು ಅವನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ. ನಾಡಿ ಹಿಡಿದ ಪಂಡಿತರ ಹಾಗೆ ಕಣ್ಣು ಅರೆಮುಚ್ಚಿ, "ಎರಡನೇದ್ರಲ್ಲಿ ಓಲ್ಟೇಜ್ ಕಮ್ಮಿ ಐತೆ, ಒಂದು ಬೀಡಿ ಸೇದೋ ಹೊತ್ತು ತಡೀರಿ" ಎನ್ನುತ್ತಿದ್ದ. ಬೀಡಿ ಮುಗಿಯುವಷ್ಟರಲ್ಲಿ ಓಲ್ಟೇಜು ಸರಿಹೋಗುತ್ತಿತ್ತು. ಇದರಿಂದ ಅವನ ಕೀರ್ತಿ ಹಬ್ಬಿತು. ಪಕ್ಕದ ತೋಟದ ಹುಚ್ಚರಂಗಯ್ಯನೂ ಪಂಪ್‌ಸೆಟ್ ಹಾಕಿಸಿದ ಮೇಲೆ, ಮೋಟಾರು ಹಾಕಬೇಕಾದಾಗಲೆಲ್ಲ ಬೇಲಿಯಾಚೆಯಿಂದಲೇ, "ಲೋ ಉಗ್ರಪ್ಪ, ಒಸಿ ಬೆರಳು ಕೊಡು ಬಾರ್ಲಾ" ಎಂದು ಕೂಗುತ್ತಿದ್ದ. ಉಗ್ರಪ್ಪ ಹೋಗುತ್ತಿದ್ದ. ಊರಿನಲ್ಲಿ ಅವನಿಗೆ ಇದ್ದ ಮರ್ಯಾದೆಯೆಲ್ಲ ಆ ಬೆರಳಿನ ಮೇಲೆಯೇ ಕೂತಿತ್ತು.

ದೊಡ್ಡ ಮಗಳು ಮದುವೆಯಾಗಿ ಹೋಗಿದ್ದಳು. ಮನೆಯಲ್ಲಿದ್ದವಳು ಎರಡನೆಯವಳು ಚಿಕ್ಕಗಂಗಮ್ಮ, ಕರೆಯುವುದು ಗಂಗಿ ಎಂದು. ಎಂಟನೆಯ ಕ್ಲಾಸು, ಹದಿಮೂರು ವರ್ಷ. ಉಗ್ರಪ್ಪ ಅವಳಿಗೆ ಬುದ್ಧಿ ಹೇಳುವುದರಲ್ಲಿ ಕೊರತೆ ಮಾಡಿದವನಲ್ಲ. "ಪಂಪ್ ಮನೇಲಿ ಏನನ್ನೂ ಮುಟ್ಬ್ಯಾಡ. ಒದ್ದೆ ಕೈಲಿ ಸ್ವಿಚ್ಚು ಹಾಕ್ಬ್ಯಾಡ. ಬರಿಗಾಲಲ್ಲಿ ಬೋರ್ಡ್ ಹತ್ರ ನಿಲ್ಬ್ಯಾಡ." ಇದನ್ನು ಅವನು ತೋಟದ ಕೆಸರು ಮೆತ್ತಿದ ಬರಿಗಾಲಲ್ಲಿ, ಬೋರ್ಡಿನ ಮುಂದೆ ನಿಂತು, ನೀರು ತೊಟ್ಟಿಕ್ಕುವ ಕೈಯಲ್ಲಿ ಸ್ವಿಚ್ಚು ಹಾಕುತ್ತ ಹೇಳುತ್ತಿದ್ದ. ಹೇಳುವುದಕ್ಕೆ ಅವನಿಗೆ ಬಾಯಿ ಇತ್ತು, ಮಾಡುವುದಕ್ಕೆ ಕೈ ಇತ್ತು, ಎರಡಕ್ಕೂ ಪರಸ್ಪರ ಪರಿಚಯವಿರಲಿಲ್ಲ. ಗಂಗಿ ಹೂಂಗುಟ್ಟುತ್ತಿದ್ದಳು. ಮಕ್ಕಳು ಹೂಂಗುಟ್ಟಿದರೆ ಕೇಳಿಸಿಕೊಂಡವು ಎಂದು ನಂಬುವುದು ತಂದೆತಾಯಿಗಳ ಹಳೆಯ ಕಾಯಿಲೆ.

ಎಂಬತ್ತೊಂದರ ಬೇಸಿಗೆಯಲ್ಲಿ ಒಂದು ದಿನ ಉಗ್ರಪ್ಪ ಮಂಡಿಗೆ ಕೊಬ್ಬರಿ ಹಾಕಲು ತಿಪಟೂರಿಗೆ ಹೋಗಿದ್ದ. ಮಧ್ಯಾಹ್ನದ ಬಸ್ಸಿಗೆ ವಾಪಸು ಬಂದು ತೋಟಕ್ಕೆ ಕಾಲಿಟ್ಟರೆ ಮೋಟಾರು ಓಡುತ್ತಿತ್ತು. ಕಾಲುವೆ ತುಂಬ ನೀರು. ಗಂಗಿ ಲಂಗ ಎತ್ತಿ ಸಿಕ್ಕಿಸಿಕೊಂಡು, ಗುದ್ದಲಿ ಹಿಡಿದು, ಮರದ ಬುಡಗಳಿಗೆ ನೀರು ತಿರುಗಿಸುತ್ತಿದ್ದಳು.

"ಮೋಟ್ರು ಯಾರು ಹಾಕಿದ್ದು?"

"ನಾನೇ ಕಣಪ್ಪ. ಹನ್ನೊಂದು ಗಂಟೆಗೆ ಕರೆಂಟ್ ಬಂತು. ನೀನಿರ್ಲಿಲ್ವಲ್ಲ."

ಉಗ್ರಪ್ಪನಿಗೆ ಮೊದಲು ಬಂದದ್ದು ಮೋಟಾರಿನ ಯೋಚನೆ. "ಮೂರು ಲೈನೂ ಬಂದಿತ್ತೇನವ್ವ?"

"ಬಂದಿತ್ತು. ನಡುವಿಂದು ಒಸಿ ಮಂದ ಇತ್ತು. ತಡೆದು ಆಮೇಲೆ ಹಾಕ್ದೆ."

ಮೋಟಾರು ಉಳಿಯಿತೆಂದು ಅವನು ಸಮಾಧಾನದಿಂದ ತಲೆಯಾಡಿಸಿದ. ಟವೆಲಿನಿಂದ ಕತ್ತು ಒರೆಸಿಕೊಂಡ. ಎರಡು ಹೆಜ್ಜೆ ಮುಂದಕ್ಕೆ ಹೋದ ಮೇಲೆ, ನಡುವಿನದು ಮಂದ ಇತ್ತೆಂದು ಅವಳಿಗೆ ಗೊತ್ತಾದದ್ದು ಹೇಗೆ ಎಂಬ ಪ್ರಶ್ನೆ ಬಂತು. ಪಂಪ್ ಮನೆಯಲ್ಲಿ ಬಲ್ಬಿಲ್ಲ, ಟೆಸ್ಟರಿಲ್ಲ. ಅವನು ತಿರುಗಿ ನೋಡಿದ. ಗಂಗಿ ಕೇಳದೆಯೇ ಬಲಗೈಯ ನಡುಬೆರಳನ್ನು ಮಡಚಿ ತೋರಿಸಿದಳು. ಮಡಚಿದ ರೀತಿ, ಮಣಿಕಟ್ಟನ್ನು ಸ್ವಲ್ಪ ಹೊರಳಿಸಿದ ರೀತಿ, ಎಲ್ಲ ಅವನದೇ. ಕಣ್ಣನ್ನು ಕೂಡ ಅರೆಮುಚ್ಚಿದ್ದಳು. ಮೊಣಕಾಲಿನವರೆಗೆ ಕೆಸರು, ಮೊಣಕೈಯವರೆಗೆ ನೀರು.

ಉಗ್ರಪ್ಪ ಅಲ್ಲೇ ಕಾಲುವೆಯ ಬದುವಿನ ಮೇಲೆ ಕೂತುಬಿಟ್ಟ. ಕೂತ ಮೇಲೆ ಬಾಯಿಗೆ ಬಂದಂತೆ ಬೈದ. ಅವಳು ಗುದ್ದಲಿ ಊರಿಕೊಂಡು ಮುಗಿಯುವವರೆಗೂ ಕೇಳಿದಳು.

"ನೀನೂ ಹಂಗೇ ಅಲ್ವಾ ಮಾಡೋದು?" ಎಂದಳು.

"ನಂದು ಬ್ಯಾರೆ ಕಣೇ. ನನ್ ಕೈ ಪಳಗೈತೆ."

"ನಂದೂ ಪಳಗೈತೆ. ಹೋದ್ ವರ್ಷದಿಂದ್ಲೂ ಮಾಡ್ತಿದೀನಿ."

ಹೋದ ವರ್ಷದಿಂದ. ಅಷ್ಟೂ ದಿನ ತಾನು ಉಂಡು, ಮಲಗಿ, ಸಂತೆಗೆ ಹೋಗಿ ಬಂದಿದ್ದ. ಯಾವ ದಿನ ಬೇಕಾದರೂ ಬಂದು ನೋಡಿದಾಗ ಈ ಹುಡುಗಿ ಪಂಪ್ ಮನೆಯ ನೆಲದ ಮೇಲೆ ಬಿದ್ದಿರಬಹುದಾಗಿತ್ತು. ಮೋಟಾರು ಮಾತ್ರ ಚೆನ್ನಾಗಿ ಓಡುತ್ತಿರುತ್ತಿತ್ತು.

ಮರುದಿನವೇ ಪಂಪ್ ಮನೆಗೆ ಬೀಗ ಹಾಕಿ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಬೀಗ ಚೆನ್ನಾಗಿತ್ತು. ಆದರೆ ಕರೆಂಟು ಉಗ್ರಪ್ಪ ಊರಲ್ಲಿದ್ದಾನೋ ಇಲ್ಲವೋ ಎಂದು ವಿಚಾರಿಸಿಕೊಂಡು ಬರುವಂಥದ್ದಲ್ಲ. ಅವನು ಕೀಲಿಯ ಸಮೇತ ಒಂದು ಸಾವಿಗೆ ಹೋಗಿದ್ದಾಗ ಬಂದು, ಅವನು ವಾಪಸು ಬರುವ ಮೊದಲು ಹೋಯಿತು. ಬಿಸಿಲಿಗೆ ಗರಿಗಳು ಜೋಲುಬಿದ್ದವು. ಬೀಗ ತೆಗೆಯಬೇಕಾಯಿತು.

ಭೈರಮ್ಮ ತನ್ನ ಕಡೆಯಿಂದ ಮಾಡಬೇಕಾದ್ದನ್ನು ಮಾಡಿದಳು. ಮಂತ್ರ ಹಾಕುವ ತಿಪ್ಪಯ್ಯನ ಹತ್ತಿರ ಹೋಗಿ ತಾಮ್ರದ ತಾಯತ ತಂದು ಗಂಗಿಯ ಬಲಗೈಗೆ ಕಟ್ಟಿದಳು. ಲೈನ್‌ಮನ್ ದುರ್ಗಯ್ಯ ತುರುವೇಕೆರೆಯಿಂದ ಸೈಕಲ್ಲಿನಲ್ಲಿ ಬಂದವನು ಜಗಲಿಯಲ್ಲಿ ಮಜ್ಜಿಗೆ ಕುಡಿಯುತ್ತ ಅದನ್ನು ನೋಡಿದ.

"ತಾಮ್ರ ಏನವ್ವ ಇದು? ಇನ್ನೊಂದು ಕೈಗೂ ಒಂದು ಕಟ್ಟು. ಕರೆಂಟ್ ಈ ಕಡೆ ಹತ್ತಿ ಆ ಕಡೆ ಇಳಿಯಾಕೆ ಅನುಕೂಲ ಆಯ್ತದೆ" ಎಂದ.

ತಾಯತ ಅಂದೇ ಕೈ ಬಿಟ್ಟು ಸೊಂಟಕ್ಕೆ ಹೋಯಿತು. ದುರ್ಗಯ್ಯ ಹೋದ ಮೇಲೆ ಉಗ್ರಪ್ಪ ಮಗಳಿಗೆ ಇನ್ನೊಮ್ಮೆ ಬುದ್ಧಿ ಹೇಳಲು ಗಂಟಲು ಸರಿಮಾಡಿಕೊಳ್ಳುತ್ತಿದ್ದಾಗ ಭೈರಮ್ಮ ತಡೆದಳು.

"ಸಾಕು ಬುಡ್ರಿ ಅತ್ಲಾಗೆ. ಪುರಾಣ ಹೇಳಾಕೆ, ಬದ್ನೆಕಾಯಿ ತಿನ್ನಾಕೆ. ಅವ್ಳು ನಿಮ್ ಬಾಯಿ ನೋಡ್ಕೊಂಡು ಬೆಳೆದಿಲ್ಲ ಕಣ್ರೀ, ಕೈ ನೋಡ್ಕೊಂಡು ಬೆಳೆದವ್ಳೆ. ನೀವು ಹೆದ್ರುದ್ರೆ ಅವ್ಳೂ ಹೆದ್ರುತಾಳೆ."

"ನಂಗೆ ಹೆದ್ರಿಕೆ ಆಗಲ್ವಲ್ಲೇ."

"ಕಲೀರಿ."

ಹೀಗೆ ನಲವತ್ತು ದಾಟಿದ ಮೇಲೆ ಉಗ್ರಪ್ಪ ಹೆದರುವುದನ್ನು ಕಲಿಯಲು ಕೂತ. ತುರುವೇಕೆರೆಗೆ ಹೋಗಿ ಒಂದು ಟೆಸ್ಟರೂ ಒಂದು ಜೊತೆ ಹವಾಯಿ ಚಪ್ಪಲಿಯೂ ತಂದ. ಬೋರ್ಡಿನ ಮುಂದೆ ಒಂದು ಹಲಸಿನ ಹಲಗೆ ಹಾಕಿದ. ಕರೆಂಟ್ ಬಂದೊಡನೆ ಗಂಗಿಯನ್ನು ಕರೆದು ಬಾಗಿಲಲ್ಲಿ ನಿಲ್ಲಿಸಿಕೊಂಡು, ಕಾಲು ತೊಳೆದು, ಒರೆಸಿ, ಚಪ್ಪಲಿ ಮೆಟ್ಟಿ, ಹಲಗೆ ಹತ್ತಿ, ಎರಡು ಕೈಯನ್ನೂ ಟವೆಲಿನಲ್ಲಿ ಉಜ್ಜಿ, ಟೆಸ್ಟರ್ ಹಿಡಿದು ಮುಂದಕ್ಕೆ ಬಾಗುತ್ತಿದ್ದ. ಮೊದಮೊದಲು ಇದು ಸಾಲದೆನ್ನಿಸಿ ಕೈಯನ್ನು ಬೇಕೆಂದು ನಡುಗಿಸುತ್ತಿದ್ದ. ಒಂದು ದಿನ "ಅಯ್ಯೋ ಶಿವನೇ" ಎಂದೂ ಸೇರಿಸಿದ. ಗಂಗಿ ಗಂಭೀರವಾಗಿ ನೋಡುತ್ತಿದ್ದಳು. ಒಂದು ವಾರ ಕಳೆದ ಮೇಲೆ ಅವಳೂ ಚಪ್ಪಲಿ ಮೆಟ್ಟಿ, ಹಲಗೆ ಹತ್ತಿ, ಟೆಸ್ಟರಿನಲ್ಲಿ ಮುಟ್ಟಿ ನೋಡಿ, ಮೂರೂ ಸಲ ಕೆಂಪು ದೀಪ ಹತ್ತಿದ ಮೇಲೆ ಗುಂಡಿ ಒತ್ತಿದಳು. ಅವಳ ಕೈಯೂ ಸ್ವಲ್ಪ ನಡುಗಿತು. ಉಗ್ರಪ್ಪನಿಗೆ ತನ್ನ ಜನ್ಮದಲ್ಲೇ ಅಷ್ಟು ಸಂತೋಷವಾಗಿರಲಿಲ್ಲ.

ಊರಿಗೆ ಮಾತ್ರ ಇದು ಅರ್ಥವಾಗಲಿಲ್ಲ. ಹುಚ್ಚರಂಗಯ್ಯ ಎಂದಿನಂತೆ ಬೆರಳು ಕೇಳಿ ಬೇಲಿಯಾಚೆಯಿಂದ ಕೂಗಿದರೆ, ಉಗ್ರಪ್ಪ ಚಪ್ಪಲಿ ಹಲಗೆ ಸಮೇತ ಬಂದ.

"ಇದೇನ್ಲಾ ಇದು, ಹಸೆಗೆ ಕೂರೋನಂಗೆ ಮಣೆ ಹೊತ್ಕೊಂಡು ಬಂದಿದೀಯ?"

"ಕರೆಂಟ್ ಕಣ್ಲಾ ಅದು. ಜೀವಕ್ಕೆ ಅಪಾಯ."

"ನಿನ್ನೆ ಮೊನ್ನೆವರ್ಗೂ ಅದು ನಿನ್ ಸ್ವಾದರತ್ತೆ ಮಗಳಂಗಿತ್ತಲ್ಲೋ!"

ಮಾತು ಊರೆಲ್ಲ ಹರಡಿತು. ಉಗ್ರಪ್ಪನಿಗೆ ಯಾವಾಗಲೋ ಗುಟ್ಟಾಗಿ ಒಂದು ಭಾರಿ ಶಾಕ್ ಹೊಡೆದಿದೆ ಎಂದು ಕೆಲವರು, ಹೆಂಡತಿ ಹೆದರಿಸಿದ್ದಾಳೆ ಎಂದು ಕೆಲವರು. ಎರಡನೆಯ ಪಕ್ಷ ನಿಜಕ್ಕೆ ಹತ್ತಿರವಿತ್ತು.

ಹುಚ್ಚರಂಗಯ್ಯನ ಮಗಳ ಮದುವೆಯಲ್ಲಿ ಇದು ಮುಗಿಲು ಮುಟ್ಟಿತು. ಚಪ್ಪರದ ದಿನ ಸಂಜೆ, ಚಿಕ್ಕನಾಯಕನಹಳ್ಳಿ ಕಡೆಯ ಬೀಗರು ಬಂದು ಕೂತು, ಪಾನಕದ ಲೋಟ ಕೈಗೆ ತೆಗೆದುಕೊಳ್ಳುವ ಹೊತ್ತಿಗೆ ಚಪ್ಪರದ ದೀಪಗಳೆಲ್ಲ ಆರಿದವು. "ನಮ್ ಉಗ್ರಪ್ಪ ಅವ್ನೆ, ಬೆರಳಲ್ಲೇ ಕರೆಂಟ್ ಹಿಡಿಯೋನು, ಈಗ ನೋಡ್ರಿ" ಎಂದು ಹುಚ್ಚರಂಗಯ್ಯ ಬೀಗರ ಮುಂದೆ ಅವನನ್ನು ಎಳೆದು ತಂದ. ಯಾರೋ ಪೆಟ್ರೊಮ್ಯಾಕ್ಸ್ ಎತ್ತಿ ಹಿಡಿದರು. ಗಂಡಿನ ಕಡೆಯ ಮುದುಕರು ಚೆನ್ನಾಗಿ ಕಾಣಲೆಂದು ಮುಂದಕ್ಕೆ ಸರಿದು ಕೂತರು. ಉಗ್ರಪ್ಪ ಬೋರ್ಡಿನ ಮುಂದೆ ನಿಂತ. ಎರಡು ಕ್ಷಣದ ಕೆಲಸ. ಬೆರಳು ತಾನಾಗಿಯೇ ಮಡಚಿಕೊಂಡಿತ್ತು. ಹೆಂಗಸರ ಗುಂಪಿನಲ್ಲಿ, ತಾಯಿಯ ಪಕ್ಕದಲ್ಲಿ, ಗಂಗಿ ನಿಂತು ನೋಡುತ್ತಿರುವುದು ಅವನಿಗೆ ಕಂಡಿತು.

"ಚಪ್ಲಿ ಇಲ್ದೆ ಆಗಲ್ಲಪ್ಪ," ಎಂದ. "ನಂಗೆ ಹೆದ್ರಿಕೆ."

ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಬೀಗರಂತೂ ಪಾನಕ ಚೆಲ್ಲಿಕೊಂಡು ನಕ್ಕರು. ಉಗ್ರಪ್ಪ ಬೋರ್ಡಿನ ಕಡೆಗೇ ಮುಖ ಮಾಡಿ ನಿಂತ. ನಗು ನಿಲ್ಲುವ ಮೊದಲೇ ಗಂಗಿ ಗುಂಪಿನಿಂದ ಹೊರಟು, ಓಡಿ ಮನೆಗೆ ಹೋಗಿ, ಚಪ್ಪಲಿಯನ್ನು ಮರೆಮಾಡಿಕೊಳ್ಳದೆ ಎಲ್ಲರಿಗೂ ಕಾಣುವಂತೆ ಕೈಯಲ್ಲಿ ಹಿಡಿದು ತಂದು ಅಪ್ಪನ ಕಾಲ ಬಳಿ ಇಟ್ಟಳು. ಫ್ಯೂಸು ಹಾಕಿದ್ದಾಯಿತು, ದೀಪ ಬಂದದ್ದೂ ಆಯಿತು. ಅಂದಿನಿಂದ ಅವನು ಪಾಳ್ಯದ ಬಾಯಲ್ಲಿ ಪುಕ್ಲು ಉಗ್ರಪ್ಪನಾದ. ಬೇಲಿಯಾಚೆಯಿಂದ ಕೂಗು ಬರುವುದು ನಿಂತಿತು.

ಇಲ್ಲಿಗೆ ನಿಲ್ಲಿಸಿದರೆ ಉಗ್ರಪ್ಪನ ಬಗ್ಗೆ ಒಳ್ಳೆಯ ಅಭಿಪ್ರಾಯ ಉಳಿಯುತ್ತದೆ. ಆದರೆ ನಡೆದದ್ದನ್ನು ಹೇಳಬೇಕಲ್ಲ. ಬೀಡಿ ಬಿಟ್ಟೆನೆಂದು ಮಕ್ಕಳ ಮುಂದೆ ಹೇಳಿ ಹಿತ್ತಿಲಲ್ಲಿ ಸೇದುವವರ ಹಾಗೆ, ಅವನು ಮಗಳು ಸ್ಕೂಲಿಗೆ ಹೋದ ಹೊತ್ತಿನಲ್ಲಿ ಬೆರಳಿನಲ್ಲೇ ಮುಟ್ಟಿ ನೋಡುತ್ತಿದ್ದ. ಯಾರಿಗೂ ಕಾಣುವಂತಿಲ್ಲ, ಯಾರೂ ಹೊಗಳುವಂತಿಲ್ಲ. ಆದರೂ ಆ ಜುಮ್ಮೆನ್ನುವ ಹೊಡೆತದಲ್ಲಿ ತಾನು ಹಳೆಯ ಉಗ್ರಪ್ಪನೇ ಎಂದು ಅವನಿಗೆ ಗೊತ್ತಾಗುತ್ತಿತ್ತು. ಮಗಳು ಸುರಕ್ಷಿತವಾದಳಲ್ಲ, ಇನ್ನು ತನ್ನದೇನು ಎಂದುಕೊಂಡಿದ್ದ.

ಮರುವರ್ಷದ ಬೇಸಿಗೆ, ಒಂದು ಶನಿವಾರ. ಸ್ಕೂಲು ಬೇಗ ಬಿಡುತ್ತದೆಂಬುದನ್ನು ಅವನು ಮರೆತಿದ್ದ. ಪಾತಿ ಕಟ್ಟುತ್ತಿದ್ದವನು ಕರೆಂಟ್ ಬಂತೆಂದು ಹಾಗೆಯೇ ಬಂದು, ಮೊದಲನೆಯದು ಮುಟ್ಟಿದ, ನಡುವಿನದು ಮುಟ್ಟಿದ.

"ನಡುವಿಂದು ಹೆಂಗೈತೆ?"

"ಚೆನ್ನಾಗೈತೆ," ಎಂದ ಉಗ್ರಪ್ಪ. ಆಮೇಲೆ ತಿರುಗಿದ.

ಬಾಗಿಲಲ್ಲಿ ಗಂಗಿ ನಿಂತಿದ್ದಳು. ಪುಸ್ತಕದ ಚೀಲ ಇನ್ನೂ ಹೆಗಲಲ್ಲೇ ಇತ್ತು.

"ಇವತ್ತೊಂದು ದಿನ ಕಣವ್ವ. ಆತುರದಲ್ಲಿ..."

"ನಿನ್ ಚಪ್ಲಿ ಮೇಲೆ ಜೇಡ ಬಲೆ ಕಟ್ಟೈತೆ" ಎಂದಳು.

ಕಟ್ಟಿತ್ತು. ಅವಳು ಚೀಲವನ್ನು ಇಳಿಸಿ ಬಾಗಿಲ ಆಚೆಗಿಟ್ಟಳು. ಅವಳ ದನಿಯಲ್ಲಿ ಕೋಪವಿರಲಿಲ್ಲ.

"ನಿಂಗೆ ಹೆದ್ರಿಕೆ ಇಲ್ಲ ಅಂತ ನಂಗೆ ಗೊತ್ತು ಕಣಪ್ಪ. ಮೊದಲ್ನೇ ದಿನಾನೇ ಗೊತ್ತು. ಅಷ್ಟೊಂದು ಯಾರಾದ್ರೂ ನಡುಗ್ತಾರಾ? ನಂಗೋಸ್ಕರ ಆಡ್ತಿದೀಯ ಅಂತ್ಲೂ ಗೊತ್ತಾಯ್ತು."

"ಗೊತ್ತಿದ್ದೂ ನೀನು ಬೆರಳಿಕ್ಕೋದು ಬುಟ್ಟೆಯಲ್ಲ. ಅಷ್ಟು ಸಾಕು ನಂಗೆ."

"ನಂಗೂ ಹೆದ್ರಿಕೆ ಇರ್ಲಿಲ್ಲ. ನಾನೂ ಆಡ್ತಿದ್ದೆ. ನಾನು ಮತ್ತೆ ಬೆರಳಿಕ್ಕುದ್ರೆ, ಇವ್ಳು ಹೆಂಗೂ ಕೇಳಲ್ಲ ಅಂತ ನೀನೂ ಬೆರಳಿಕ್ತೀಯ. ನೀನು ಒಬ್ನೇ ಇರೋವಾಗ ಬಿದ್ಬುಟ್ರೆ ಯಾರು ನೋಡ್ತಾರೆ ಅಂತ." ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. "ಸ್ಕೂಲಲ್ಲಿ ಕೂತ್ರೆ ನಂಗೆ ಅದೇ ಯೋಚ್ನೆ. ಬೆಲ್ ಹೊಡೆದ ತಕ್ಷಣ ಓಡಿ ಬತ್ತೀನಿ. ಎಲ್ರೂ ನಗ್ತಾರೆ."

ಉಗ್ರಪ್ಪ ಬೆರಳನ್ನು ಬೆನ್ನ ಹಿಂದಕ್ಕೆ ಸರಿಸಿದ.

"ನೀನು ಬುಡ್ನೇ ಇಲ್ಲ. ನಾನ್ಯಾಕೆ ಬುಡ್ಲಿ?"

ಹೇಳಿದವಳು ಒಳಕ್ಕೆ ಬಂದು, ಅವನ ಪಕ್ಕದಿಂದ ನುಸುಳಿ, ಕಾಲುವೆ ದಾಟಿ ಬಂದ ಒದ್ದೆ ಪಾದಗಳನ್ನು ಸಿಮೆಂಟಿನ ಮೇಲೆ ಊರಿ, ನಡುಬೆರಳು ಮಡಚಿ, ಬೋರ್ಡಿನ ಕಡೆಗೆ ಕೈ ಚಾಚಿದಳು.

ತಾನು ಕಿರುಚಿದ್ದು ಉಗ್ರಪ್ಪನಿಗೆ ಆಮೇಲೂ ನೆನಪಾಗಲಿಲ್ಲ, ಹುಚ್ಚರಂಗಯ್ಯನ ತೋಟದವರೆಗೆ ಕೇಳಿಸಿತಂತೆ. ಅವಳ ಜಡೆ ಸಿಕ್ಕಿತೋ ತೋಳು ಸಿಕ್ಕಿತೋ, ಹಿಡಿದು ಎಳೆದ ರಭಸಕ್ಕೆ ಇಬ್ಬರೂ ಬಾಗಿಲಿನಿಂದಾಚೆ ಕೆಸರಿಗೆ ಬಿದ್ದರು. ಬಿದ್ದಲ್ಲೇ ಅವನು ಅವಳ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ. ಮತ್ತೆ ಮತ್ತೆ ನೋಡಿದ. ಕಣ್ಣಿನಲ್ಲಿ ನೀರು ತುಂಬಿ ಸರಿಯಾಗಿ ಕಾಣುತ್ತಿರಲಿಲ್ಲ.

"ಮುಟ್ತಿರ್ಲಿಲ್ಲ ಕಣಪ್ಪ," ಎಂದಳು ಗಂಗಿ, ಮೊಣಕೈ ಉಜ್ಜಿಕೊಳ್ಳುತ್ತ.

ನಂಬಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ. ಅವಳು ಅವನದೇ ಮಗಳು, ಬಾಯಲ್ಲಿ ಹೇಳಿದ್ದನ್ನು ಕೈ ಮಾಡುತ್ತದೆಂಬ ಖಾತ್ರಿ ಏನು? ಎದೆ ಹೊಡೆದುಕೊಳ್ಳುತ್ತಿತ್ತು, ಬಾಯಿ ಒಣಗಿತ್ತು, ಎದ್ದು ನಿಲ್ಲಲು ಕಾಲು ಬರಲಿಲ್ಲ. ಕರೆಂಟಿನ ಹೆದರಿಕೆ ಎಂದರೆ ಇದೇ ಇರಬೇಕು ಎಂದುಕೊಂಡ.

ಗಂಗಿ ಎದ್ದು ಒಳಗೆ ಹೋದಳು. ಮೊದಲು ಅವಳು ಕಾಲು ಒರೆಸಿಕೊಂಡು ಹಲಗೆಯ ಮೇಲೆ ನಿಂತದ್ದು ಅವನಿಗೆ ಕಾಣಿಸಿತು. ಚಪ್ಪಲಿಯನ್ನು ಗೋಡೆಗೆ ಬಡಿದು, ಬಲೆ ಕೊಡವಿ, ತಂದು ಅವನ ಮುಂದಿಟ್ಟಳು. ಅವನು ಕೈಕಾಲು ಒರೆಸಿ ಮೆಟ್ಟಿಕೊಂಡ. ಹಲಗೆಯವರೆಗೆ ಅವನ ತೋಳು ಹಿಡಿದು ನಡೆಸಿಕೊಂಡು ಹೋಗಿ ಕೈಗೆ ಟೆಸ್ಟರ್ ಕೊಟ್ಟಳು. ಉಗ್ರಪ್ಪ ಮುಂದಕ್ಕೆ ಬಾಗಿದ. ಟೆಸ್ಟರಿನ ತುದಿ ಫ್ಯೂಸಿನ ಮೇಲೆ ನಿಲ್ಲಲೊಲ್ಲದೆ ಟಕಟಕ ಬಡಿದುಕೊಂಡಿತು. ಈ ಸಲ ಕೈಯನ್ನು ಅವನು ನಡುಗಿಸುತ್ತಿರಲಿಲ್ಲ.